ಅಣ್ಣನ ಎಣಿಕೆ ಏಳರಿಂದ ಶುರು

ಬೆಳಗಿನ ಐದೂವರೆ. ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಬೇರೆ ಸದ್ದಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಟೇಪಕ್ಕ ಹಳೆಯ ಟೇಪ್ ರೆಕಾರ್ಡರೊಂದರ ಬೆನ್ನು ಬಿಚ್ಚಿಕೊಂಡು ಕೂತಿದ್ದಾರೆ. ಸವೆದ ಬೆಲ್ಟು ಬದಲಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಳಗೆಲ್ಲ ಒರೆಸುತ್ತಾರೆ. ಇಷ್ಟು ಬೇಗ ಯಾಕೆ ಅಂದರೆ, "ಏಳು ಗಂಟೆ ಆದ್ರೆ ಹಾರ್ನುಗಳ ಕಾಟ. ಆಮೇಲೆ ನನ್ನ ಕೆಲಸ ನನಗೇ ಕೇಳ್ಸಲ್ಲ" ಅನ್ನುತ್ತಾರೆ.

ಬೀದಿಯವರಿಗೆ ಅವರ ನಿಜವಾದ ಹೆಸರು ಮರೆತೇ ಹೋಗಿದೆ. ಅರವತ್ತೊಂದು ವಯಸ್ಸು, ಅದರಲ್ಲಿ ನಲವತ್ತು ವರ್ಷ ಇದೇ ಸ್ಟೂಲಿನ ಮೇಲೆ. ಕೆಲಸ ಕಲಿಸಿದ್ದು ಅಣ್ಣ. "ಹುಡುಗಿಗೆ ಯಾಕೋ ಸ್ಕ್ರೂಡ್ರೈವರು ಅಂತ ಅಪ್ಪ ಗೊಣಗ್ತಿದ್ರು. ಅಣ್ಣ ಕಿವಿಗೇ ಹಾಕ್ಕೊಳ್ಳಲಿಲ್ಲ." ಆಗ ದಿನಕ್ಕೆ ಹನ್ನೆರಡು ಸೆಟ್ಟು ಬರುತ್ತಿದ್ದವು, ಈಗ ವಾರಕ್ಕೆ ಮೂರು ಬಂದರೆ ಹೆಚ್ಚು. ಇವತ್ತಿನದು ಕಣ್ಣು ಕಾಣದ ನಿವೃತ್ತ ಟೀಚರೊಬ್ಬರದು. ಫೋನಿನ ನುಣುಪು ಗಾಜಿನ ಮೇಲೆ ಅವರ ಬೆರಳಿಗೆ ದಾರಿ ಸಿಗುವುದಿಲ್ಲ. ಇದರ ಗುಂಡಿ ಒತ್ತಿದರೆ ಟಕ್ ಅನ್ನುತ್ತದೆ, ಅವರಿಗೆ ಅಷ್ಟು ಸಾಕು.

ರಿಪೇರಿಯಾದ ಮೇಲೆ ಪರೀಕ್ಷೆ. ಅದಕ್ಕೆಂದೇ ಒಂದು ಕ್ಯಾಸೆಟ್ಟಿದೆ. ಮೂವತ್ತು ವರ್ಷದ ಹಿಂದೆ ಅಣ್ಣ ಒಂದರಿಂದ ಹತ್ತರವರೆಗೆ ಎಣಿಸಿ ರೆಕಾರ್ಡ್ ಮಾಡಿಟ್ಟದ್ದು. ಮೋಟಾರು ಜೋರಾದರೆ ದನಿ ಕೀರಲಾಗುತ್ತದೆ, ನಿಧಾನವಾದರೆ ದಪ್ಪವಾಗುತ್ತದೆ. ಅಣ್ಣನ ದನಿ ಅಣ್ಣನದೇ ಅನ್ನಿಸುವವರೆಗೆ ಟೇಪಕ್ಕ ವೇಗದ ಸ್ಕ್ರೂ ತಿರುಗಿಸುತ್ತಾರೆ. ಅಣ್ಣ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು.

ಕ್ಯಾಸೆಟ್ಟಿನ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಅಣ್ಣ ಹೋದ ತಿಂಗಳಲ್ಲೇ, ಮಂಕು ಕವಿದ ಒಂದು ಮಧ್ಯಾಹ್ನ, ರೆಕಾರ್ಡ್ ಗುಂಡಿ ಸರಿಯಿದೆಯಾ ನೋಡಲು ಟೇಪಕ್ಕ ಕೈಗೆ ಸಿಕ್ಕ ಕ್ಯಾಸೆಟ್ಟು ಹಾಕಿ ಎಣಿಸತೊಡಗಿದರು. ಆರಕ್ಕೆ ಬಂದಾಗ ಅದರ ಚೀಟಿಯ ಮೇಲೆ ಅಣ್ಣನ ಅಕ್ಷರ ಕಂಡಿತು.

"ಊರವರ ಕ್ಯಾಸೆಟ್ಟಿಗೆಲ್ಲ ಹಲ್ಲು ಮುರಿದು ಕೊಟ್ಟೋಳು ನಾನು. ನಮ್ಮದಕ್ಕೇ ಮರೆತೆ. ಆರು ಅಂಕಿ ನಾನೇ ಅಳಿಸಿಬಿಟ್ಟೆ."

ಹೇಳುತ್ತ ಅವರ ಕೈ ನಿಲ್ಲುತ್ತದೆ. ಆಮೇಲೆ ಹತ್ತಿಯನ್ನು ಮತ್ತೆ ಸ್ಪಿರಿಟ್ಟಿನಲ್ಲಿ ಅದ್ದುತ್ತಾರೆ.

ಉಳಿದ ನಾಲ್ಕು ಅಂಕಿಯೂ ಹಾಕಿದ ಹಾಗೆಲ್ಲ ಸವೆಯುತ್ತಿವೆ. ಅಣ್ಣನ ಮಗಳು ಅವನ್ನು ಫೋನಿಗೆ ಇಳಿಸಿಕೊಂಡಿದ್ದಾಳೆ. ಕ್ಯಾಸೆಟ್ಟು ಇನ್ನು ಹಾಕಬೇಡಿ ಅತ್ತೆ, ಎತ್ತಿಡಿ ಅಂತ ಗೋಗರೆಯುತ್ತಾಳೆ.

"ಫೋನಲ್ಲಿ ಚೆನ್ನಾಗೇ ಕೇಳತ್ತೆ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಅಣ್ಣಂಗೆ ಏನೂ ಕೆಲಸ ಇಲ್ಲ. ಇದರಲ್ಲಾದ್ರೆ ಇನ್ನೂ ಅಂಗಡಿಗೆ ಬರ್ತಾನೆ." ಕ್ಯಾಸೆಟ್ಟು ಕೈಗೆತ್ತಿಕೊಂಡು ಸೇರಿಸುತ್ತಾರೆ: "ನಾನಿರೋವರೆಗೆ ಇದು ಬಾಳಿದ್ರೆ ಸಾಕಪ್ಪ."

ಟೀಚರ ಸೆಟ್ಟಿಗೆ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತುತ್ತಾರೆ. ಒಂದರಿಂದ ಆರರ ತನಕ ಅವರದೇ ದನಿ, ಹತ್ತೊಂಬತ್ತು ವರ್ಷ ಚಿಕ್ಕದು. ಆಮೇಲೆ ಚರ್ ಎಂದು ಒಂದು ಸದ್ದು. ಅದರ ಹಿಂದೆಯೇ ಒಬ್ಬ ಗಂಡಸು, ತುಸು ನಗುತ್ತ:

"ಏಳು, ಎಂಟು, ಒಂಬತ್ತು, ಹತ್ತು. ಕೇಳಿಸ್ತೇನೇ?"

ಟೇಪಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಹಿಂದಕ್ಕೆ ಸುತ್ತಿ, ಇನ್ನೊಮ್ಮೆ ಕೇಳುತ್ತಾರೆ.

"ಕೇಳಿಸ್ತು ಅಣ್ಣ" ಅಂದು ಟೀಚರ ಸೆಟ್ಟಿನ ಬೆನ್ನು ಮುಚ್ಚುತ್ತಾರೆ.