ಗುನ್ವೋರ್ ಕೂರುವ ಜಾಗಗಳು

ನಾನು ಕೆಲಸ ಮಾಡುವ ಸ್ವೀಡನ್ನಿನ ಶಿಶುವಿಹಾರದಲ್ಲಿ ಗುನ್ವೋರ್ ಟೀಚರನ್ನು ಹುಡುಕುವವರು ಕುರ್ಚಿಯೊಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡಬೇಕು. ‘ಒಳಗೆ’ ಎಂಬ ಪದವನ್ನು ಕಲಿಸಲು ಆಕೆ ಕೋಟುಗಳ ಬೀರುವಿನೊಳಗೆ ನುಗ್ಗುತ್ತಾಳೆ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಕೋಟು ತೂಗುಹಾಕಲು ಹೋಗಿ ಆಕೆಯ ಕೈ ಕುಲುಕಿ ಬಂದ. ‘ನಡುವೆ’ ಕಲಿಸುವ ದಿನ ಜಡಿಮಳೆಯಲ್ಲೇ ಎರಡು ಬರ್ಚ್ ಮರಗಳ ನಡುವೆ ತೂರಿಕೊಂಡು, "ಮಕ್ಕಳೇ, ನಾನೀಗ ಎಲ್ಲಿದ್ದೀನಿ?" ಎನ್ನುತ್ತಾಳೆ. ಇಲ್ಲಿ ಟೀಚರನ್ನೂ ಹೆಸರು ಹಿಡಿದೇ ಕರೆಯುವುದು. "ಮರಗಳ ಮಧ್ಯೆ ಇದ್ದೀಯ ಗುನ್ವೋರ್, ಹೊಟ್ಟೆ ಮಾತ್ರ ಈಚೆ ಇದೆ," ಎನ್ನುತ್ತವೆ ಮಕ್ಕಳು. ಈ ಚಳಿಗಾಲದಲ್ಲಿ ಎರಿಟ್ರಿಯಾದಿಂದ ಬಂದ ಪುಟ್ಟ ಲುವಾಮ್ ಮೊದಲ ದಿನವೇ ಮೇಜಿನ ಕೆಳಗೆ ಸೇರಿಕೊಂಡಳು. ವಾರಗಳು ಕಳೆದರೂ ಯಾರೊಂದಿಗೂ ಒಂದು ಮಾತೂ ಆಡಲಿಲ್ಲ. ಗುನ್ವೋರ್ ಕಾಫಿ, ದಾಲ್ಚಿನ್ನಿ ಬನ್ನು ಹಿಡಿದು ದಿನವೂ ಅಲ್ಲಿಗೇ ತೆವಳತೊಡಗಿದಳು. "ಮಂಡಿನೋವು ಇಟ್ಕೊಂಡು ಅಲ್ಲೇನು ಪಾಠ ಮಾಡ್ತೀಯ?" ಎಂದು ನಾನು ಕೇಳಿದರೆ, "ಪಾಠ ಏನಿಲ್ಲ, ಕಾಫಿ ಕುಡೀತಿದ್ದೀನಿ," ಎನ್ನುತ್ತಿದ್ದಳು. ನಿನ್ನೆ ಮೇಜಿನ ಕೆಳಗಿನಿಂದ ಸಣ್ಣದೊಂದು ಸಿಡುಕಿನ ದನಿ ಕೇಳಿಸಿತು, ಅದೂ ಸ್ವೀಡಿಷ್ ಭಾಷೆಯಲ್ಲೇ: "ಗುನ್ವೋರ್, ನನ್ನ ಲಂಗದ ಮೇಲೆ ಕೂತಿದ್ದೀಯ." ಗುನ್ವೋರ್ ಜರುಗಲಿಲ್ಲ, ಮಗು ಇನ್ನೊಮ್ಮೆ ಬೈಯಲಿ ಎಂದು ಹಾಗೇ ಕೂತಿದ್ದಳು.