ತಿರುಗಿ ಹೋದ ಬುತ್ತಿ

ಸುಶೀಲಾ, ಆ ದಿನ ನಿನ್ನ ಮನೆಗೆ ಬರಬೇಕಿದ್ದ ಬುತ್ತಿಯನ್ನು ತಿರುಗಿಸಿ ಕಳಿಸಿದವಳು ನಾನು. ಊರೆಲ್ಲ ಕೈಬಿಟ್ಟಿತು ಎಂದು ನೀನು ಇಷ್ಟು ವರ್ಷ ನಂಬಿದ್ದೀಯ. ಊರಲ್ಲ — ನಾನು, ನಾನೊಬ್ಬಳೇ.

ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ, ಅದನ್ನು ಮುಚ್ಚಿಟ್ಟರೆ ಇದೂ ಇನ್ನೊಂದು ಸುಳ್ಳಾದೀತು. ನಾವು ಕೀನ್ಯಾದ ಎಲ್ಡೊರೆಟ್‌ಗೆ ಹೋದಾಗ ಅಲ್ಲಿದ್ದದ್ದು ಒಂದು ಅಂಗಡಿ ಸಾಲು, ಕೆಂಪು ಧೂಳು, ಆಫ್ರಿಕಾದಲ್ಲೂ ಸ್ವೆಟರ್ ಹಾಕಿಸುವ ಗುಡ್ಡದ ಚಳಿ. ನೋಡನೋಡುತ್ತ ಬ್ಯಾಂಕು ಬಂತು, ಸಿನಿಮಾ ಬಂತು, ನಮ್ಮ ಜನರೆಲ್ಲ ಸೇರಿ ಒಂದು ಹಾಲ್ ಕಟ್ಟಿದರು. ಅಲ್ಲಿಯ ಮಹಿಳಾ ಮಂಡಳಿಗೆ ನಾನು ಸೆಕ್ರೆಟರಿ. ಧಾರವಾಡದ ಕಾನ್ವೆಂಟ್ ಇಂಗ್ಲಿಷು, ಮುತ್ತಿನ ಸರ — ಎಲ್ಲರೂ ನನ್ನ ಮಾತು ಕೇಳುತ್ತಿದ್ದರು. ನೀನು ಯಾರನ್ನೂ ಕೇಳಲಿಲ್ಲ. ಅಲ್ಲಿಯವನೇ ಆದ ಸ್ಕೂಲ್ ಮಾಸ್ತರ ಕಿಪ್ರೊನೊನನ್ನು ರಿಜಿಸ್ಟರ್ ಮದುವೆಯಾಗಿ, ಮಾರ್ಕೆಟ್ಟಿನಲ್ಲಿ ಅವನ ಕೈ ಹಿಡಿದು ನಗುತ್ತ ನಡೆದೆ. ಆ ನಗು... ಹೋಗಲಿ.

ಕಿಪ್ರೊನೊ ಜ್ವರ ಬಂದು ತೀರಿಕೊಂಡ. ಸತ್ತವರ ಮನೆಯಲ್ಲಿ ಒಲೆ ಹಚ್ಚಬಾರದು, ನೆರೆಯವರು ಬುತ್ತಿ ಕೊಡಬೇಕು — ಸಮುದ್ರ ದಾಟಿದರೂ ನಾವು ಬಿಡದ ಪದ್ಧತಿ. ಹೆಂಗಸರು ಸೂತಕದ ಅಡುಗೆ ಮಾಡಿಕೊಂಡು ಹಾಲ್‌ಗೆ ಬಂದೇಬಿಟ್ಟಿದ್ದರು. ಕಾರು ನನ್ನದು, ನಿನ್ನ ಮನೆಗೆ ಒಯ್ಯಬೇಕಾದವಳು ನಾನು.

"ಬ್ಯಾಡ್ರಿ," ಅಂದೆ. "ನಿಮ್ಮ ಬುತ್ತಿ ನನಗ ಬೇಕಾಗಿಲ್ಲ ಅಂತ ಸುಶೀಲಾನ ಹೇಳಿ ಕಳಿಸ್ಯಾಳ."

"ಅಯ್ಯ ಶಿವನ! ಗಂಡ ಸತ್ತರೂ ಸೊಕ್ಕು ಸಾಯಲಿಲ್ಲ ನೋಡ್ರಿ ಆಕೀದು," ಎಂದರು ಬಟ್ಟೆ ಅಂಗಡಿಯ ಗಂಗಕ್ಕ. ಅವರ ಕಣ್ಣು ತುಂಬಿತ್ತು. ಬಿಸಿ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡೇ ಮನೆಗೆ ತಿರುಗಿದರು.

ನೀನು ಮುಂಬೈಗೆ ಹೊರಟಾಗ ಬೀಳ್ಕೊಡಲು ಯಾರೂ ಬರಲಿಲ್ಲ. ಬರದಂತೆ ಮಾಡಿದ್ದೆನಲ್ಲ.

ಆಮೇಲೆ ನಾವೂ ಮುಂಬೈಗೇ ಬಂದು ನೆಲೆಸಿದೆವು. ಕಳೆದ ತಿಂಗಳು ಇಲ್ಲಿ ಮಲಾಡಿನಲ್ಲಿ ನಮ್ಮ ಯಜಮಾನರು ತೀರಿಹೋದರು. ಬಿಲ್ಡಿಂಗಿನವರು ಮೊಬೈಲಿಗೆ ಕೈಮುಗಿಯುವ ಚಿತ್ರ ಕಳಿಸಿದರು. ನೀನು — ಈ ವಯಸ್ಸಿನಲ್ಲಿ, ಕುರ್ಲಾದಿಂದ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ — ಸ್ಟೀಲ್ ಡಬ್ಬಿ ಹಿಡಿದು ಬಂದೆ. ಬಾಗಿಲಲ್ಲಿ ನಿನ್ನನ್ನು ಕಂಡಾಗ ನನಗೆ ಬಂದದ್ದು ಸಿಟ್ಟು. ಬರೀ ಸಿಟ್ಟು. ಯಾಕೆ ಬಂದೆ ನೀನು?

"ಉಣ್ಣು ವಿಮಲಾ," ಎಂದೆ ನೀನು. "ಹಸಕೊಂಡು ಅಳೂದು ಭಾಳ ಕಠಿಣ. ನನಗ ಗೊತ್ತದ."

ಸೂತಕಕ್ಕೆಂದು ಒಗ್ಗರಣೆಯಿಲ್ಲದ ಬೇಳೆ, ಮೆತ್ತಗಿನ ಅನ್ನ. ನಾನು ಉಂಡೆ — ಹೇಳಬೇಕಾದದ್ದನ್ನೂ ಅದರ ಜೊತೆಗೇ ನುಂಗಿ.

ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದು 'ಸಾರಿ'. ಎಷ್ಟು ಸಲೀಸಾದ ಮಾತು! ಕಾಲು ತುಳಿದರೂ ಅದೇ, ಬದುಕು ತುಳಿದರೂ... ಅದನ್ನು ನಿನಗೆ ಹೇಳುವುದಿಲ್ಲ. ಬಂದ ಡಬ್ಬಿಯನ್ನು ಬರಿದಾಗಿ ತಿರುಗಿಸಬಾರದು ಎನ್ನುತ್ತಾರೆ. ಸಕ್ಕರೆ ಹಾಕಲು ಹೋದೆ, ಕೈ ಏಳಲಿಲ್ಲ. ನಾಳೆ ಬರಿ ಡಬ್ಬಿ ಹಿಡಿದೇ ಕುರ್ಲಾಗೆ ಬರುತ್ತೇನೆ. ಆ ದಿನ ಗಂಗಕ್ಕ ನಿನಗೆಂದು ಒಗ್ಗರಣೆ ಹಾಕದೆ ಬೇಳೆ ಬೇಯಿಸಿದ್ದರು, ಸುಶೀಲಾ — ಅಷ್ಟನ್ನು ನಿನ್ನ ಮುಖ ನೋಡಿ ಹೇಳುತ್ತೇನೆ, ಹೊಸಿಲ ಆಚೆಯೇ ನಿಂತು.

ಒಳಗೆ ಕರೆಯಬೇಡ.