ಗಿರಿಜಾ ಮೇಡಂ ಕೀಬೋರ್ಡ್ ಮುಟ್ಟುತ್ತಿರಲಿಲ್ಲ

ಗಿರಿಜಾ ಮೇಡಂ ವಿದ್ಯಾರ್ಥಿಗಳ ಕೀಬೋರ್ಡ್ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಪ್ರೋಗ್ರಾಂ ಕೈಕೊಟ್ಟರೆ ಪಕ್ಕದಲ್ಲಿ ಬಂದು ಕೂತು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಟ್ಟುಕೊಳ್ಳುತ್ತಿದ್ದರು. "ನಾನು ಸರಿ ಮಾಡಿದ್ರೆ ನಾನೇ ಕಲ್ತಂಗಾಯ್ತು ಕಣಮ್ಮ. ನಿಂಗೇನು ಸಿಕ್ತು?" ಎನ್ನುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಮತ್ಯಾಕೆ ಈ ಮೇಡಂ ಇರೋದು ಎಂದು ಮನಸ್ಸಿನಲ್ಲೇ ಬೈದುಕೊಂಡದ್ದೂ ಉಂಟು.

ಎರಡು ಸಾವಿರದ ಐದಾರರ ಸುಮಾರು. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ನಾನು ಬಿಸಿಎ ಓದುತ್ತಿದ್ದೆ. ಮೇಡಂ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದರು; ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಮನೆತನ ಅವರದು. ಅವರು ಕಲಿಸುತ್ತಿದ್ದ ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲಿ ನೋಡಿದರೂ ಕಂಸಗಳೇ. ಕನ್ನಡ ಮಾಧ್ಯಮದಿಂದ ಬಂದ ನನಗೆ ಅದು ತಲೆಗೆ ಹತ್ತಲಿಲ್ಲ. ಬಿಕಾಂಗೆ ಬದಲಾಯಿಸಿಕೊಡಿ ಎಂದು ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಸೋಮವಾರ ಕೊಡುವುದೆಂದು ನಿಶ್ಚಯಿಸಿಯೂ ಆಗಿತ್ತು.

ಅದಕ್ಕೆಲ್ಲ ಕಾರಣ ಒಂದು ಫೈಲು. ಊರಿನ ಹೆಸರಿನಲ್ಲೇ ಫೋಲ್ಡರ್ ಮಾಡಿಕೊಳ್ಳುವುದು ನಮ್ಮ ತರಗತಿಯ ರೂಢಿ. ನನ್ನದು ನಂದಿ, ಅದರೊಳಗೆ ಟೊಮೆಟೊ ದರದ ಪಟ್ಟಿ. ಪ್ರೋಗ್ರಾಮಿನಲ್ಲಿ "C:\nandi\tomato.txt" ಎಂದು ಆ ಫೈಲಿನ ದಾರಿ ಬರೆದಿದ್ದೆ. ಫೈಲು ಕಣ್ಣೆದುರಿಗೇ ಇದ್ದರೂ ಕಂಪ್ಯೂಟರು ಒಂದು ವಾರದಿಂದ 'ಇಲ್ಲ' ಎಂದೇ ಸಾಧಿಸುತ್ತಿತ್ತು.

"ಇದು ನನ್ ಕೈಲಾಗಲ್ಲ ಮೇಡಂ, ಕಾಮರ್ಸ್‌ಗೆ ಹೋಗ್ತೀನಿ," ಎಂದು ಅತ್ತೇಬಿಟ್ಟೆ.

"ಹೋಗೋವಂತೆ, ಯಾರು ಬೇಡ ಅಂದ್ರು? ನೀನು ಏನು ಬರೆದೆ ಅನ್ನೋದು ಬಿಡು. ಕಂಪ್ಯೂಟರಿಗೆ ಏನು ತಲುಪಿದೆ ಅಂತ ಅದನ್ನೇ ಕೇಳು. ಆ ದಾರೀನ ಸ್ಕ್ರೀನ್ ಮೇಲೆ ತೋರಿಸು ಅನ್ನು."

ತೋರಿಸಿತು. C: ಎಂದು ಬಂದು ಸಾಲು ಮುರಿಯಿತು. ಕೆಳಗೆ andi, ಆಮೇಲೆ ಒಂದಿಷ್ಟು ಖಾಲಿ ಜಾಗ, ಆಮೇಲೆ omato.txt.

ಯಾವ ಅಕ್ಷರಗಳು ಕಾಣೆಯಾಗಿವೆ ಎಂದು ಮೇಡಂ ನನ್ನ ಬಾಯಿಂದಲೇ ಹೇಳಿಸಿದರು. ದಾರಿಯಲ್ಲಿ ಹಾಕಿದ್ದ \ ಎಂಬ ಓರೆಗೆರೆಯ ಪಕ್ಕ n ಬಂದರೆ ಹೊಸ ಸಾಲು, t ಬಂದರೆ ಖಾಲಿ ಜಾಗ ಎಂದು ಅದು ತಿಳಿದುಕೊಳ್ಳುತ್ತಿತ್ತು. "ಎಳೆ ಕಡಿದ್ರೆ ನಮ್ಮನೇಲಿ ಗೂಡು ಬಿಸಾಕಲ್ಲಮ್ಮ, ತುದಿ ಹುಡುಕ್ತಾರೆ," ಎಂದರು. ಗೆರೆಯನ್ನು ಬರೀ ಗೆರೆಯೆಂದೇ ಓದಲಿ ಎಂದು ಓರೆಗೆರೆಗಳನ್ನು ಎರಡೆರಡು ಮಾಡಿದೆ. ಫೈಲು ತೆರೆಯಿತು. ನಾನು ಕೂಗಿದ ಕೂಗಿಗೆ ಅಟೆಂಡರು ಗಾಬರಿಯಾಗಿ ಓಡಿ ಬಂದರು. ಸೋಮವಾರ ಬಂತು, ಹೋಯಿತು. ನಾನು ಅರ್ಜಿ ಕೊಡಲಿಲ್ಲ.

ನಾನು ಕೊನೆಯ ವರ್ಷದಲ್ಲಿದ್ದಾಗ ಮೇಡಂಗೆ ಚಿಂತಾಮಣಿಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದೆ.

"ಹೊಸಬರು ಬರೋಕೆ ಹದಿನೈದು ದಿನ ಆಗುತ್ತಂತೆ. ಅಲ್ಲೀವರೆಗೂ ಫಸ್ಟ್ ಇಯರ್ ಲ್ಯಾಬ್ ನೀನೇ ನೋಡ್ಕೋ. ಪ್ರಿನ್ಸಿಪಾಲರಿಗೆ ಹೇಳಿದೀನಿ."

"ನಾನಾ? ಬಿಟ್ಟು ಓಡೋಗೋಕಿದ್ದೋಳು ನಾನು, ಮೇಡಂ!"

"ಅದಕ್ಕೇ ಕಣೇ. ಯಾರು ಓಡೋಗ್ತಾರೆ ಅಂತ ನಿಂಗೇ ಮೊದ್ಲು ಗೊತ್ತಾಗೋದು."

ಬಸ್ಸು ಹೊರಟಿತು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಮರುದಿನ ಲ್ಯಾಬಿಗೆ ಕಾಲಿಟ್ಟೆ. ಮೂರನೇ ಸಾಲಿನಲ್ಲಿ ಗೌರಿಬಿದನೂರಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡು, ಬ್ಯಾಗ್ ಹೆಗಲಿಗೇರಿಸಿ ಎದ್ದು ನಿಂತಿದ್ದಳು. ನಾನು ನೆಟ್ಟಗೆ ಅವಳ ಹತ್ತಿರ ಹೋದೆ.

"ಬ್ಯಾಗ್ ಕೆಳಗಿಡಮ್ಮ," ಎಂದೆ.